ಮಗುವನ್ನು ನೋಡಿಕೊಳ್ಳುವ ತಾಯಿಯನ್ನು ನೋಡಿಕೊಳ್ಳುವವರು ಯಾರು?



ವಿಕಲಚೇತನ ಮಕ್ಕಳ ಬಗ್ಗೆ, ಅವರ ಆರೈಕೆ ಮಾಡುವವರ ಬಗ್ಗೆ ಸಮಾವೇಶ ಇದೆ, ನಿಮ್ಮ ಸಂಘದಿಂದ ಬನ್ನಿ ಎಂದು ಹೇಳಲು ನಾವು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಹಳ್ಳಿಗಳಿಗೆ ಹೋದಾಗ ಮೊದಲು ಕೇಳಿಬರುವ ಮಾತು ಇದು: "ಒಂದು ದಿನದ ಕೂಲಿ ಹೋಗ್ತೈತೆ ಮೇಡಂ. ಅಲ್ಲಿ ಹೋಗಿ ಕೂತ್ಕಂಡು ಭಾಷಣ ಕೇಳಿ ಬಂದ್ರೆ ನಮ್ಗೇನ್ ಸಿಗ್ತೈತೆ?"

ಈ ಪ್ರಶ್ನೆ ತಪ್ಪಲ್ಲ. ಶೇಂಗಾ ಬಿಡಿಸುವ ಕಾಲದಲ್ಲಿ ಒಂದು ದಿನದ ಕೂಲಿ ಬಿಡುವುದು ಸುಲಭವಲ್ಲ. ಮಗ್ಗದ ಮನೆಯಲ್ಲಿ ಒಂದು ದಿನ ಕಂಡಿಕೆ ಸುತ್ತದಿದ್ದರೆ ನೇಯುವವರ ಕೈ ನಿಲ್ಲುತ್ತದೆ. ಆದ್ದರಿಂದ ಇದಕ್ಕೆ ಸರಿಯಾದ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಆದರೆ ಅದಕ್ಕೂ ಮೊದಲು ಇನ್ನೊಂದು ವಿಷಯ ಗಮನಿಸಿ. ಇಂತಹ ಸಮಾವೇಶಕ್ಕೆ ಬಂದು ಕೂತವರನ್ನು ಒಮ್ಮೆ ನೋಡಿ. ಸಂಘದ ಪ್ರತಿನಿಧಿಗಳು ಇರುತ್ತಾರೆ, ಅಂಗನವಾಡಿ ಟೀಚರ್ ಇರುತ್ತಾರೆ, ಆಶಾ ಕಾರ್ಯಕರ್ತೆಯರು ಇರುತ್ತಾರೆ. ಯಾರ ಮನೆಯಲ್ಲಿ ನಡೆಯಲಾಗದ ಮಗು ಇದೆಯೋ ಆ ತಾಯಿ ಮಾತ್ರ ಬಹಳ ಸಲ ಅಲ್ಲಿ ಇರುವುದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ, "ಮಗು ಬಿಟ್ಟು ಹೆಂಗ್ ಬರ್ತಾಳೆ?" ಎನ್ನುತ್ತಾರೆ. ಈ ಲೇಖನ ಬರೆದದ್ದು ಈ ಒಂದು ಮಾತಿಗಾಗಿ.

ಸಭೆ ಸೇರಿದರೆ ಏನು ಸಿಗುತ್ತದೆ?

ಇಂದು ವಿಕಲಚೇತನರಿಗೆ ಸಿಗುತ್ತಿರುವ ಗುರುತಿನ ಚೀಟಿ, ಪಿಂಚಣಿ, ಶಾಲೆಯ ಹಕ್ಕು ಯಾವುದೂ ತಾನಾಗಿ ಬಂದದ್ದಲ್ಲ. ಜನ ಸಭೆ ಸೇರಿ, ಕೂತು, ಕೇಳಿ, ಒತ್ತಾಯ ಮಾಡಿದ್ದರಿಂದ ಬಂದವು.

1992ರ ಡಿಸೆಂಬರ್ ತಿಂಗಳಲ್ಲಿ ಚೀನಾದ ಬೀಜಿಂಗ್ ನಗರದಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಭಾಗದ ದೇಶಗಳ ಸಭೆ ಸೇರಿತು. ವಿಕಲಚೇತನರಿಗೂ ಎಲ್ಲರಂತೆ ಸಮಾನ ಸ್ಥಾನ, ಪೂರ್ಣ ಪಾಲ್ಗೊಳ್ಳುವಿಕೆ ಇರಬೇಕೆಂಬ ಘೋಷಣೆ ಅಲ್ಲಿ ಆಯಿತು. ನಮ್ಮ ದೇಶವೂ ಅದಕ್ಕೆ ಸಹಿ ಹಾಕಿತು. ಆ ಮಾತನ್ನು ಉಳಿಸಿಕೊಳ್ಳಲು 1995ರಲ್ಲಿ ವಿಕಲಚೇತನರ ಕಾಯ್ದೆ ಬಂತು. ಅದರಲ್ಲಿ 7 ಬಗೆಯ ನ್ಯೂನತೆಗಳಿಗೆ ಮಾತ್ರ ಜಾಗ ಇತ್ತು.

ಆಮೇಲೆ ವಿಶ್ವಸಂಸ್ಥೆಯಲ್ಲಿ ವಿಕಲಚೇತನರ ಹಕ್ಕುಗಳ ಒಡಂಬಡಿಕೆ ಬರೆಯುವ ಕೆಲಸ ಶುರುವಾಯಿತು. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಕೂತವರು ಆ ಸಭೆಗಳಿಗೆ ಬಂದರು. "ನಮ್ಮನ್ನು ಬಿಟ್ಟು ನಮ್ಮ ವಿಷಯ ತೀರ್ಮಾನ ಮಾಡಬೇಡಿ" ಎಂಬುದು ಅವರ ಘೋಷಣೆ. 2006ರ ಡಿಸೆಂಬರ್ 13ರಂದು ಒಡಂಬಡಿಕೆ ಅಂಗೀಕಾರವಾಯಿತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಒಪ್ಪಿಕೊಂಡಿತು. ಅದರ ಫಲವಾಗಿ ಬಂದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಇದು ಜಾರಿಯಲ್ಲಿದೆ. 7 ಇದ್ದದ್ದು 21 ಆಯಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಕಲಿಕೆಯ ತೊಂದರೆ ಎಲ್ಲವೂ ಅದರಲ್ಲಿ ಸೇರಿದವು.

ಈ ಕಾಯ್ದೆಯಲ್ಲಿ ನಮ್ಮ ತಾಯಂದಿರಿಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಆರೈಕೆದಾರರು ಎಂದರೆ ಯಾರು ಎಂದು ಕಾಯ್ದೆಯೇ ಹೇಳುತ್ತದೆ. ಹಣ ತೆಗೆದುಕೊಂಡಾಗಲಿ, ತೆಗೆದುಕೊಳ್ಳದೆ ಆಗಲಿ, ವಿಕಲಚೇತನರಿಗೆ ಆರೈಕೆ ಮತ್ತು ಆಸರೆ ಕೊಡುವ ಎಲ್ಲರೂ ಆರೈಕೆದಾರರೇ. ತಂದೆ, ತಾಯಿ, ಮನೆಯವರೂ ಅದರಲ್ಲಿ ಸೇರಿದ್ದಾರೆ. ಮಗುವನ್ನು ಎತ್ತಿ, ತೊಳೆದು, ಉಣ್ಣಿಸಿ ಮಲಗಿಸುವ ಕೆಲಸಕ್ಕೆ ನಾವು ಹೆಸರೇ ಇಟ್ಟಿರಲಿಲ್ಲ. "ಮನೇಲಿ ಸುಮ್ನೆ ಇದ್ದಾಳೆ" ಎನ್ನುತ್ತಿದ್ದೆವು. ಕಾನೂನು ಅದಕ್ಕೆ ಹೆಸರು ಕೊಟ್ಟಿದೆ. ಹೆಚ್ಚಿನ ಆಸರೆ ಬೇಕಾದವರ ಆರೈಕೆಗೆ ಭತ್ಯೆ ಕೊಡುವ ವಿಷಯವೂ ಅದರಲ್ಲಿದೆ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಪ್ರಕಟವಾಯಿತು.

ಬೀಜಿಂಗ್‌ನಲ್ಲಿ ನಡೆದ ಸಭೆಗೂ ಮೊಳಕಾಲ್ಮುರಿನ ಒಂದು ಹಟ್ಟಿಗೂ ಸಂಬಂಧ ಇದೆ ಎಂದು ಇದರಿಂದ ತಿಳಿಯುತ್ತದೆ. ಆದರೆ ದೊಡ್ಡ ಸಭೆಯಲ್ಲಿ ಬರೆದದ್ದು ಮನೆ ಬಾಗಿಲಿಗೆ ಬರಬೇಕಾದರೆ ನಡುವೆ ಯಾರಾದರೂ ಹೊತ್ತು ತರಬೇಕು. ಆ ಕೆಲಸ ಸಂಘದ್ದು.

ಸಂಘದಿಂದ ಹೆಸರು ಹೊಡೆದು ಹಾಕಿದ ಮೇಲೆ

ನಾವು ಕಂಡ ಒಂದು ಸಂಗತಿ ಹೇಳುತ್ತೇವೆ. ಊರು ಹೆಸರು ಬೇಡ, ಯಾಕೆಂದರೆ ಇದು ಒಂದೇ ಊರಿನದಲ್ಲ.

ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಮೂರು ತಿಂಗಳು ಸಭೆಗೆ ಸರಿಯಾಗಿ ಬರಲಿಲ್ಲ. ನಿಯಮದಂತೆ ಪ್ರತಿ ಗೈರುಹಾಜರಿಗೆ ದಂಡ ಬಿತ್ತು. ದಂಡ ಬೆಳೆಯಿತು. ಆಕೆಗೆ ನಾಚಿಕೆಯಾಯಿತು, ಬರುವುದನ್ನೇ ಬಿಟ್ಟಳು. ಸಂಘದವರು ಉಳಿತಾಯದ ಹಣ ಲೆಕ್ಕ ಮಾಡಿ ಕೊಟ್ಟು ಹೆಸರು ತೆಗೆದರು. ಯಾರೂ ಕೆಟ್ಟವರಲ್ಲ, ಪುಸ್ತಕದಲ್ಲಿ ಇದ್ದ ನಿಯಮ ಪಾಲಿಸಿದರು ಅಷ್ಟೆ. ಎಷ್ಟೋ ದಿನದ ಮೇಲೆ ನಮ್ಮ ಕಾರ್ಯಕರ್ತೆ ಆ ಮನೆಗೆ ಹೋದಾಗ ಎರಡೂವರೆ ವರ್ಷದ ಗಂಡುಮಗು ಗೋಡೆ ಪಕ್ಕ ಮಲಗಿತ್ತು. ಇನ್ನೂ ಆಸರೆಯಿಲ್ಲದೆ ಕೂರುತ್ತಿರಲಿಲ್ಲ. ತಾಯಿ ಕೂಲಿ ಬಿಟ್ಟಿದ್ದಳು. ಸೊಂಟ ನೋವು. "ಸಂಘದಾಗೆ ಇದ್ದಿದ್ರೆ ಸಾಲಾನಾದ್ರೂ ಸಿಗ್ತಿತ್ತು, ಆಸ್ಪತ್ರೆಗೆ ತೋರಿಸ್ತಿದ್ದೆ" ಎಂದಳು.

ಸಂಘದ ಆಸರೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವಳೇ ಸಂಘದಿಂದ ಹೊರಗೆ ಉಳಿದಳು. ಆ ಎರಡೂವರೆ ವರ್ಷ ಮಗುವಿಗೆ ಬಹಳ ಬೆಲೆಯುಳ್ಳ ಕಾಲವಾಗಿತ್ತು.

ಬೇಗ ಯಾಕೆ ತೋರಿಸಬೇಕು?

ಮೂರು ವರ್ಷ ತುಂಬುವ ಹೊತ್ತಿಗೆ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಬೆಳೆದಿರುತ್ತದೆ. ಹಸಿ ಮಣ್ಣಿಗೆ ಆಕಾರ ಕೊಡುವುದು ಸುಲಭ, ಒಣಗಿದ ಮೇಲೆ ಕಷ್ಟ. ಮಗುವಿನ ವಿಷಯದಲ್ಲೂ ಹಾಗೆಯೇ. ಮೂರು ಉದಾಹರಣೆ ನೋಡೋಣ.

ಸೊಟ್ಟ ಪಾದ: ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ಚಿಕಿತ್ಸೆ ಶುರು ಮಾಡಬಹುದು. ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪ ಸರಿಪಡಿಸಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಆಗುತ್ತವೆ. ಬಹಳ ಮಕ್ಕಳಿಗೆ ಹಿಮ್ಮಡಿ ಹತ್ತಿರ ಒಂದು ಸಣ್ಣ ಕೊಯ್ತ ಬೇಕಾಗುತ್ತದೆ. ಆಮೇಲೆ ನಾಲ್ಕೈದು ವರ್ಷದವರೆಗೆ ವೈದ್ಯರು ಹೇಳಿದಂತೆ ವಿಶೇಷ ಬೂಟು ಹಾಕಬೇಕು. ಪಾದ ನೆಟ್ಟಗಾಯಿತು ಎಂದು ಬೂಟು ಬಿಟ್ಟರೆ ಮತ್ತೆ ತಿರುಗುತ್ತದೆ.

ಕಿವಿ: ಕೇಳಿಸದ ಮಗುವಿಗೆ ಮಾತು ಬರುವುದಿಲ್ಲ, ಯಾಕೆಂದರೆ ಮಾತನ್ನು ಕೇಳಿಯೇ ಕಲಿಯಬೇಕು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಖಚಿತ, ಆರು ತಿಂಗಳೊಳಗೆ ಯಂತ್ರ ಅಥವಾ ತರಬೇತಿ ಎಂಬುದು ತಜ್ಞರ ಲೆಕ್ಕ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮೂರು ವರ್ಷ ಆದ ಮೇಲೆ ಗೊತ್ತಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ.

ಸೆರೆಬ್ರಲ್ ಪಾಲ್ಸಿ: ಹುಟ್ಟುವ ಮುಂಚೆ, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿಯಾಗುವುದು ಅಥವಾ ಹತೋಟಿಗೆ ಸಿಗದಿರುವುದು. ಇದನ್ನು ಪೂರ್ತಿ ವಾಸಿ ಮಾಡುತ್ತೇವೆ ಎಂದು ಹೇಳಿ ಹಣ ಕೀಳುವವರನ್ನು ನಂಬಬೇಡಿ. ಆದರೆ ಚಿಕ್ಕಂದಿನಿಂದ ವ್ಯಾಯಾಮ, ಸರಿಯಾಗಿ ಕೂರಿಸುವುದು, ಸರಿಯಾಗಿ ಉಣ್ಣಿಸುವುದು ಮಾಡಿದರೆ ಕೀಲುಗಳು ಮಡಚಿ ಗಟ್ಟಿಯಾಗುವುದನ್ನು ತಡೆಯಬಹುದು. ಮಗು ತನ್ನ ಕೈಲಾದಷ್ಟು ಕೆಲಸ ತಾನೇ ಮಾಡಲು ಕಲಿಯುತ್ತದೆ.

ಮಗುವಿನ ಬೆಳವಣಿಗೆ ನೋಡುವುದು ಹೇಗೆ?

ನಿಮ್ಮ ತಾಯಿ ಕಾರ್ಡ್‌ನಲ್ಲಿ ಇದರ ಚಿತ್ರಗಳಿವೆ. ಚುಚ್ಚುಮದ್ದಿನ ಪುಟ ಮಾತ್ರ ನೋಡಿ ಮಡಚಿಡಬೇಡಿ. ಈ ಕೆಳಗಿನವು ಆಗದಿದ್ದರೆ ತೋರಿಸಿ:

3 ತಿಂಗಳಿಗೆ: ಮುಖ ನೋಡಿ ನಗುವುದಿಲ್ಲ, ದೊಡ್ಡ ಸದ್ದಿಗೆ ಬೆಚ್ಚುವುದಿಲ್ಲ.
6 ತಿಂಗಳಿಗೆ: ಕತ್ತು ನಿಂತಿಲ್ಲ, ವಸ್ತು ತೋರಿಸಿದರೆ ಕೈ ಚಾಚುವುದಿಲ್ಲ.
9 ತಿಂಗಳಿಗೆ: ಆಸರೆಯಿಲ್ಲದೆ ಕೂರುವುದಿಲ್ಲ.
12 ತಿಂಗಳಿಗೆ: ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬಾಬಾ, ಮಾಮಾ ಎಂಬ ತೊದಲು ಸದ್ದಿಲ್ಲ.
18 ತಿಂಗಳಿಗೆ: ನಡೆಯುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ.
2 ವರ್ಷಕ್ಕೆ: "ಅಮ್ಮ ಬಾ", "ಅನ್ನ ಕೊಡು" ಎಂದು ಎರಡು ಮಾತು ಸೇರಿಸುವುದಿಲ್ಲ.
ಯಾವ ವಯಸ್ಸಿನಲ್ಲೇ ಆಗಲಿ: ಮೊದಲು ಬರುತ್ತಿದ್ದ ಮಾತು, ಆಟ, ನಡಿಗೆ ಮರೆತುಹೋಗುತ್ತಿದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಇದರಲ್ಲಿ ಒಂದು ಆಗದಿದ್ದ ಮಾತ್ರಕ್ಕೆ ಮಗು ವಿಕಲಚೇತನ ಎಂದು ಹೆದರಬೇಡಿ. ತೋರಿಸಿ ಕೇಳುವುದಕ್ಕೆ ಅದು ಒಂದು ಕಾರಣ, ಅಷ್ಟೆ. ಏನೂ ಇಲ್ಲ ಎಂದರೆ ಒಳ್ಳೆಯದೇ ಆಯಿತು.

ನಮ್ಮನ್ನು ತಡ ಮಾಡಿಸುವ ಮಾತುಗಳು

"ಅವ್ರಪ್ಪನೂ ತಡವಾಗೇ ಮಾತಾಡಿದ್ದು ಬಿಡು." ಇದ್ದರೂ ಇರಬಹುದು. ಆದರೆ ಕಿವಿ ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವುದಿಲ್ಲ.

"ಮನೇಲಿ ತೆಲುಗು, ಅಂಗನವಾಡೀಲಿ ಕನ್ನಡ, ಅದಕ್ಕೇ ಮಗು ಗಲಿಬಿಲಿ ಆಗೈತೆ." ನಮ್ಮ ಗಡಿ ಊರುಗಳಲ್ಲಿ ಈ ಮಾತು ಹೆಚ್ಚು. ಎರಡು ಭಾಷೆ ಕೇಳುವುದರಿಂದ ಮಗುವಿಗೆ ಮಾತಿನ ತೊಂದರೆ ಬರುವುದಿಲ್ಲ. ಎರಡೂ ಭಾಷೆ ಸೇರಿಸಿ ಲೆಕ್ಕ ಹಾಕಿದರೂ ಮಾತು ಕಡಿಮೆ ಇದ್ದರೆ ತೋರಿಸಬೇಕು.

"ಸೋದರಮಾವನಿಗೆ ಕೊಟ್ಟಿದ್ದಕ್ಕೆ ಹಿಂಗಾಯ್ತು, ಎಲ್ಲಾ ಅವಳ ಹಣೆಬರ." ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ವಂಶಪಾರಂಪರ್ಯ ತೊಂದರೆಗಳ ಸಂಭವ ಹೆಚ್ಚು ಎಂಬುದು ನಿಜ. ಮುಂದೆ ಮದುವೆ ಮಾಡುವಾಗ ಯೋಚಿಸಿ. ಆದರೆ ಆದ ಮದುವೆಗೆ ತಾಯಿಯನ್ನು ದೂರುವುದರಿಂದ ಮಗುವಿಗೆ ಏನೂ ಸಿಗುವುದಿಲ್ಲ. ಸಂಬಂಧ ಇಲ್ಲದವರ ಮನೆಯಲ್ಲೂ ಇಂತಹ ಮಕ್ಕಳು ಹುಟ್ಟುತ್ತಾರೆ.

"ಹರಕೆ ಮಾಡ್ಕೊಂಡಿದೀವಿ, ಜಾತ್ರೆ ಕಳೀಲಿ." ನಿಮ್ಮ ಭಕ್ತಿಗೆ ನಾವು ಅಡ್ಡ ಬರುವುದಿಲ್ಲ. ಹರಕೆ ತೀರಿಸುವುದು ತೀರಿಸಿ, ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಮುಂದೆ ಹಾಕಬೇಡಿ. ಫಿಟ್ಸ್ ಬರುವ ಮಗುವಿಗೆ ಬರೆ ಹಾಕಿಸಬೇಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಇಡಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋಗಬೇಕು? ಯಾರನ್ನು ಕೇಳಬೇಕು?

ಮೊದಲು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಶುರುವಾಯಿತು. ಅಂಗನವಾಡಿ ಎಲ್ಲ ಮಕ್ಕಳದ್ದು. "ಈ ಮಗೂನ ನೋಡ್ಕಳಕ್ಕೆ ಆಗಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಕಲಚೇತನ ಮಕ್ಕಳನ್ನು ಗುರುತಿಸುವುದು, ಇತರ ಮಕ್ಕಳ ಜೊತೆ ಸೇರಿಸಿಕೊಳ್ಳುವುದು, ಮುಂದಿನ ಚಿಕಿತ್ಸೆಗೆ ಕಳಿಸುವುದು ಹೇಗೆಂದು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಅಂಗನವಾಡಿಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿದೆ.

ಎರಡನೆಯದು, ವೈದ್ಯರ ತಂಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ತಂಡ ಬರುವ ದಿನವನ್ನು ಟೀಚರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಮನೆಯಲ್ಲೇ ಇರುವ ಮಗುವನ್ನು ಅಂದು ಎತ್ತಿಕೊಂಡು ಹೋಗಿ. ಹೆಚ್ಚಿನ ತಪಾಸಣೆ ಬೇಕಾದರೆ ಚೀಟಿ ಕೊಟ್ಟು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಮಟ್ಟಕ್ಕೆ ಕಳಿಸುತ್ತಾರೆ. ಆ ಚೀಟಿ ಜೋಪಾನ.

ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು 30 ಕಿಲೋಮೀಟರ್. ಮೊಳಕಾಲ್ಮುರಿನವರಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರ. ಒಂದು ಸಲ ಹೋಗಿ ವೈದ್ಯರಿಲ್ಲ ಎಂದು ವಾಪಸ್ ಬಂದ ತಾಯಿ ಮತ್ತೆ ಹೋಗುವುದಿಲ್ಲ. ಆದ್ದರಿಂದ ಯಾವ ದಿನ ಯಾವ ತಜ್ಞರು ಇರುತ್ತಾರೆ ಎಂದು ಆಶಾ ಮೂಲಕ ವಿಚಾರಿಸಿಯೇ ಹೊರಡಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ, ಖಾಸಗಿ ಬಸ್‌ಗೆ ಇದು ಅನ್ವಯಿಸುವುದಿಲ್ಲ.

ಮೂರನೆಯದು, ಗ್ರಾಮ ಪಂಚಾಯಿತಿ. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿ.ಆರ್.ಡಬ್ಲ್ಯೂ. ಎಂದರೆ ಎಲ್ಲರಿಗೂ ಗೊತ್ತು. ಇವರೂ ವಿಕಲಚೇತನರೇ. ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ವೈದ್ಯರು ತಪಾಸಣೆ ಮಾಡಿ ಕೊಡುವ ಯು.ಡಿ.ಐ.ಡಿ. ಕಾರ್ಡ್ ಮಾಡಿಸಲು ಇವರ ಸಹಾಯ ಪಡೆಯಿರಿ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದ್ದರೆ ಪಿಂಚಣಿ ಮುಂತಾದ ಸೌಲಭ್ಯ ಕೇಳಬಹುದು, ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. ಪಂಚಾಯಿತಿ ಹಣದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಅದರ ಲೆಕ್ಕ ಕೇಳಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಅದರಡಿ 'ನಿರಾಮಯ' ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. "ನಾವು ಹೋದ ಮೇಲೆ ಈ ಮಗೂಗೆ ಯಾರು?" ಎಂದು ರಾತ್ರಿಯೆಲ್ಲಾ ಕೊರಗುವ ತಂದೆತಾಯಿಗೂ ಇದರಲ್ಲಿ ದಾರಿ ಇದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು.

ಮನೆಯಲ್ಲಿ ಏನು ಮಾಡಬಹುದು?

ವಾರಕ್ಕೊಂದು ದಿನ ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮಕ್ಕಿಂತ ದಿನವೂ ಮನೆಯಲ್ಲಿ ಮಾಡುವುದೇ ಹೆಚ್ಚು. ಫಿಸಿಯೋಥೆರಪಿ ಮಾಡುವವರು ತೋರಿಸಿದ್ದನ್ನು ಸ್ನಾನ, ಊಟ, ಆಟದ ಜೊತೆ ಸೇರಿಸಿಕೊಳ್ಳಿ.

ಕೂರಲಾಗದ ಮಗುವನ್ನು ದಿನವಿಡೀ ಮಲಗಿಸಬೇಡಿ. ಎರಡು ಗೋಡೆ ಸೇರುವ ಮೂಲೆಯಲ್ಲಿ ಕೂರಿಸಿ, ಎರಡೂ ಪಕ್ಕ ಕಂಬಳಿ ಮಡಿಸಿ ಆಸರೆ ಕೊಡಿ, ನೀವು ಎದುರಿಗೇ ಇರಿ. ಕೂತ ಮಗುವಿಗೆ ಮನೆ ಕಾಣುತ್ತದೆ, ಜನ ಕಾಣುತ್ತಾರೆ. ಮಲಗಿಸಿ ಉಣ್ಣಿಸಬೇಡಿ, ಅನ್ನ ಶ್ವಾಸಕ್ಕೆ ಹೋಗಬಹುದು. ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ಹಿಡಿದು, ಸ್ವಲ್ಪ ಸ್ವಲ್ಪ ಕೊಡಿ. ಮಾತು ಬಾರದ ಮಗುವಿನ ಹತ್ತಿರ ಇನ್ನೂ ಹೆಚ್ಚು ಮಾತಾಡಿ. ಮುಖಕ್ಕೆ ಮುಖ ಕೊಟ್ಟು "ಇದು ಲೋಟ, ನೀರು ಹಾಕ್ತೀನಿ ನೋಡು" ಎಂದು ಹೇಳುತ್ತಾ ಕೆಲಸ ಮಾಡಿ. ಆಡಲು ತಟ್ಟೆ, ಲೋಟ, ಜೋಳದ ತೆನೆ ಕೊಡಿ. ಶೇಂಗಾ ಕಾಳು ಮಾತ್ರ ಚಿಕ್ಕ ಮಕ್ಕಳ ಕೈಗೆ ಬೇಡ, ಗಂಟಲಿಗೆ ಸಿಕ್ಕಿದರೆ ಉಸಿರು ಕಟ್ಟುತ್ತದೆ.

ಇನ್ನು ತಾಯಿಯ ವಿಷಯ

ಮೇಲೆ ಹೇಳಿದ್ದನ್ನೆಲ್ಲಾ ಮಾಡಬೇಕಾದವಳು ಒಬ್ಬಳೇ. ಮಗು ದೊಡ್ಡದಾಗುತ್ತದೆ, ಭಾರ ಹೆಚ್ಚುತ್ತದೆ, ಅವಳ ವಯಸ್ಸೂ ಹೆಚ್ಚುತ್ತದೆ. ರಾತ್ರಿ ನಿದ್ದೆ ಇಲ್ಲ. ಮದುವೆಗೆ ಹೋಗುವಂತಿಲ್ಲ, ತವರಿಗೆ ಹೋಗುವಂತಿಲ್ಲ. ಹೋದರೂ ಜನ ಮಗುವನ್ನು ನೋಡುವ ನೋಟ ಚುಚ್ಚುತ್ತದೆ. ಕೆಲವು ಮನೆಗಳಲ್ಲಿ ಗಂಡನೂ ದೂರವಾಗುತ್ತಾನೆ.

ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸಿ ಎತ್ತಬೇಡಿ. ಮಂಡಿ ಮಡಚಿ ಕೆಳಗೆ ಕೂತು, ಮಗುವನ್ನು ಎದೆಗೆ ಅವುಚಿಕೊಂಡು, ಕಾಲಿನ ಬಲದಿಂದ ಏಳಿ. ದೊಡ್ಡ ಮಗುವಾದರೆ ಇಬ್ಬರು ಎತ್ತಿ. ಬಹಳ ದಿನ ನಿದ್ದೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಸಾಯುವ ಯೋಚನೆ ಬಂದರೆ ಅದನ್ನು ಮುಚ್ಚಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡಿ ಸಮಾಧಾನ ಹೇಳುವವರು, ಮುಂದಿನ ದಾರಿ ತೋರಿಸುವವರು ಸಿಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ 'ಟೆಲಿ ಮಾನಸ್' ಸೇವೆಗೆ ಹಣ ಕೊಡಬೇಕಿಲ್ಲ.

ಫೋನಿಗಿಂತ ಮೊದಲು ಸಿಗಬೇಕಾದವರು ನೆರೆಹೊರೆಯ ನೀವು.

ಸಂಘ ಏನು ಮಾಡಬಹುದು?

ಈ ಕೆಳಗಿನ ಆರು ವಿಷಯ ಚರ್ಚೆ ಮಾಡಿ, ಒಪ್ಪಿಗೆಯಾದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

1. ವಿಕಲಚೇತನ ಮಗು ಅಥವಾ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸದಸ್ಯೆಗೆ ಗೈರುಹಾಜರಿ ದಂಡ ಬೇಡ. ಮೂರು ಸಲ ಬರದಿದ್ದರೆ ಹೆಸರು ತೆಗೆಯುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ ಬನ್ನಿ.
2. ತಿಂಗಳಿಗೆ ಒಂದು ಸಭೆ ಅವಳ ಮನೆಯಲ್ಲೇ ನಡೆಯಲಿ. ಟೀ ಖರ್ಚು ಅವಳ ಮೇಲೆ ಹಾಕಬೇಡಿ.
3. ಆಸ್ಪತ್ರೆಗೆ ಹೋಗಲು ಕಡಿಮೆ ಬಡ್ಡಿಗೆ ಸಣ್ಣ ಆಂತರಿಕ ಸಾಲ ಮೊದಲ ಸರದಿಯಲ್ಲಿ ಅವಳಿಗೆ ಕೊಡಿ.
4. ವಾರಕ್ಕೆ ಒಬ್ಬೊಬ್ಬರಂತೆ ಎರಡು ಗಂಟೆ ಆ ಮಗುವಿನ ಹತ್ತಿರ ಕೂರಿ. ಅವಳು ಸಂತೆಗೆ ಹೋಗಲಿ, ತಲೆ ಸ್ನಾನ ಮಾಡಲಿ, ಇಲ್ಲವೇ ಸುಮ್ಮನೆ ಮಲಗಲಿ. ಮಗುವಿಗೆ ಹೇಗೆ ಉಣ್ಣಿಸಬೇಕು, ಹೇಗೆ ಹಿಡಿಯಬೇಕು ಎಂದು ಅವಳಿಂದಲೇ ಕಲಿಯಿರಿ.
5. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ, ಕಂಡಿಕೆ, ಹೊಲಿಗೆ, ಕುರಿ ಸಾಕಣೆ ಏನೇ ಇರಲಿ, ಸಾಲ ಕೇಳಿದರೆ "ಅವಳು ತೀರಿಸಲ್ಲ" ಎಂದು ಮೊದಲೇ ತೀರ್ಮಾನ ಮಾಡಬೇಡಿ.
6. ಊರಲ್ಲಿ ಆರು ವರ್ಷದೊಳಗಿನ ಎಲ್ಲ ಮಕ್ಕಳನ್ನು ಅಂಗನವಾಡಿ ಟೀಚರ್ ಜೊತೆ ನೆನಪು ಮಾಡಿಕೊಳ್ಳಿ. ಮನೆಯೊಳಗೇ ಉಳಿದ ಮಗು ಯಾವುದು ಎಂದು ನಿಮಗಿಂತ ಚೆನ್ನಾಗಿ ಯಾವ ಇಲಾಖೆಗೂ ಗೊತ್ತಿರುವುದಿಲ್ಲ.

ಸಮಾವೇಶಕ್ಕೆ ಬರುವಾಗ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭಾಷಣ ಕೇಳಿ ಬಂದರೆ ಏನೂ ಸಿಗುವುದಿಲ್ಲ, ನಿಜ. ಕೇಳಲು ಪ್ರಶ್ನೆ ಇಟ್ಟುಕೊಂಡು ಬಂದರೆ ಸಿಗುತ್ತದೆ. ನಮ್ಮ ಊರಿಗೆ ವೈದ್ಯರ ತಂಡ ಮುಂದೆ ಯಾವಾಗ ಬರುತ್ತದೆ? ಕಾರ್ಡ್‌ಗಾಗಿ ತಾಲ್ಲೂಕಿನಲ್ಲೇ ತಪಾಸಣಾ ಶಿಬಿರ ಮಾಡಿಸಬಹುದೇ? ಆರೈಕೆದಾರರ 1,000 ರೂಪಾಯಿಗೆ ಅರ್ಜಿ ಎಲ್ಲಿ ಕೊಡಬೇಕು? ಪಂಚಾಯಿತಿಯ ಶೇ. 5 ಎಲ್ಲಿ ಖರ್ಚಾಯಿತು? ಅಧಿಕಾರಿಗಳು ಎದುರಿಗೇ ಇರುತ್ತಾರೆ. ಒಬ್ಬರು ಕೇಳಿದರೆ "ನೋಡೋಣಮ್ಮ" ಎನ್ನುತ್ತಾರೆ. ಇಪ್ಪತ್ತು ಸಂಘದವರು ಅದನ್ನೇ ಕೇಳಿದರೆ ದಿನಾಂಕ ಕೊಡುತ್ತಾರೆ.

ಇನ್ನೊಂದು ಕೋರಿಕೆ. ಸಂಘದಿಂದ ಇಬ್ಬರು ಬರುವುದಾದರೆ ಒಬ್ಬಳು ಆ ತಾಯಿಯೇ ಆಗಿರಲಿ. ಮಗುವನ್ನೂ ಕರೆತನ್ನಿ. ಕರೆತರಲು ಆಗದಿದ್ದರೆ ಅಂದು ಉಳಿದವರು ಸರದಿ ಮೇಲೆ ನೋಡಿಕೊಳ್ಳಿ. ಅವಳ ವಿಷಯವನ್ನು ಅವಳನ್ನು ಬಿಟ್ಟು ಮಾತಾಡುವುದು ಬೇಡ. ತನ್ನಂತೆಯೇ ಇನ್ನೊಬ್ಬ ತಾಯಿಯ ಪಕ್ಕ ಕೂತು, "ನಿನ್ ಮಗೂಗೂ ಹಿಂಗೇನಾ?" ಎಂದು ಕೇಳಿದರೆ ಅರ್ಧ ಭಾರ ಇಳಿದಂತೆ. ಆ ಅರ್ಧ ಗಂಟೆಯ ಮಾತಿಗಾಗಿಯೇ ಒಂದು ದಿನದ ಕೂಲಿ ಬಿಡಬಹುದು.

ಸಂತ ಮಾರ್ಕನ ಶುಭಸಂದೇಶದಲ್ಲಿ ಒಂದು ಘಟನೆ ಇದೆ. ಪಾರ್ಶ್ವವಾಯುವಿನಿಂದ ಮಲಗಿದ್ದ ಒಬ್ಬನನ್ನು ನಾಲ್ಕು ಜನ ಹೊತ್ತು ಯೇಸುವಿನ ಬಳಿಗೆ ತರುತ್ತಾರೆ. ಜನಸಂದಣಿಯಿಂದ ಬಾಗಿಲಲ್ಲಿ ಜಾಗ ಇರುವುದಿಲ್ಲ. ಅವರು ವಾಪಸ್ ಹೋಗಲಿಲ್ಲ. ಮಾಳಿಗೆ ಹತ್ತಿ, ಸೂರು ತೆಗೆದು, ಹಾಸಿಗೆ ಸಮೇತ ಅವನನ್ನು ಒಳಗೆ ಇಳಿಸಿದರು. ಆ ನಾಲ್ವರ ಹೆಸರು ಎಲ್ಲೂ ಬರೆದಿಲ್ಲ. ಒಬ್ಬರೇ ಆಗಿದ್ದರೆ ಹೊರುವುದಕ್ಕೇ ಆಗುತ್ತಿರಲಿಲ್ಲ.

ನಿಮ್ಮ ಸಂಘದಲ್ಲಿ ನಾಲ್ಕಲ್ಲ, ಹತ್ತಿಪ್ಪತ್ತು ಜನ ಇದ್ದೀರಿ. ಮುಂದಿನ ಸಭೆಯಲ್ಲಿ ಓದಲು ಬರುವವರು ಇದನ್ನು ಎಲ್ಲರಿಗೂ ಕೇಳುವಂತೆ ಓದಿ. ಓದಿ ಮುಗಿದ ಮೇಲೆ ಹಾಜರಿ ಪುಸ್ತಕ ತೆಗೆಯಿರಿ. ಬಹಳ ದಿನದಿಂದ ಬಾರದವರ ಹೆಸರು ಯಾವುದು ನೋಡಿ. ದಂಡದ ಲೆಕ್ಕ ಆಮೇಲೆ ಮಾಡೋಣ. ಮೊದಲು ಅವಳ ಮನೆಗೆ ಹೋಗಿ ಬನ್ನಿ.